ಯಾವ ಗೊಬ್ಬೂರ್ರಿ?

ಕಲಬುರಗಿ ಬಸ್ ನಿಲ್ದಾಣದಲ್ಲಿ ‘ಗೊಬ್ಬೂರಿಗೆ ಹೋಗ್ತದೇನ್ರಿ?’ ಎಂದಷ್ಟೇ ಕೇಳಿ ಸೀಟು ಹಿಡಿದೀರಿ, ಜೋಕೆ! ಜಿಲ್ಲೆಯಲ್ಲಿ ಗೊಬ್ಬೂರ ಒಂದೇ ಅಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಲ್ಲಿ ಆ ಹೆಸರಿನ ಊರುಂಟು. ದಾರಿ ಮಾತ್ರ ಬೇರೆ ಬೇರೆ: ಆಳಂದ ವಾಯವ್ಯಕ್ಕೆ, ಅಫಜಲಪುರ ಪಶ್ಚಿಮಕ್ಕೆ, ಜೇವರ್ಗಿ ದಕ್ಷಿಣಕ್ಕೆ.

ಅಫಜಲಪುರದ್ದು ಗೊಬ್ಬೂರ (ಬಿ). ಈ ಸೀಮೆಯ ಊರುಗಳ ಬಾಲದಲ್ಲಿನ ‘ಬಿ’ ಎಂದರೆ ಬುಜುರ್ಗ್, ಹಿರಿದು. ‘ಕೆ’ ಎಂದರೆ ಖುರ್ದ್, ಕಿರಿದು. ಫಾರಸಿ ದಫ್ತರ ಬಿಟ್ಟುಹೋದ ಗುರುತು. ಸಾಲದ್ದಕ್ಕೆ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಹಳೆಯ ಗುಡಿ, ಶಾಸನಗಳ ಗಬ್ಬೂರು ಬೇರೆ!

ಊರೇ ಅಡ್ಡಹೆಸರಾಗುವ ನಾಡಿದು; ಮನುಷ್ಯರನ್ನೂ ‘ಯಾವ ಗೊಬ್ಬೂರಿನವರು?’ ಎಂದೇ ಕೇಳಬೇಕು. 1972ರಲ್ಲಿ ಪಿನ್‌ಕೋಡ್ ಬಂದದ್ದೂ ಇಂಥ ಗೊಂದಲ ತಪ್ಪಿಸಲೆಂದೇ. ಅಂಗಡಿಯವರೇ, ಪಾರ್ಸೆಲ್ ಮೇಲೆ ತಾಲ್ಲೂಕಿನ ಹೆಸರು ಬರೆಯಿರಿ. ಇಲ್ಲವಾದರೆ ಸರಕು ಒಂದೂರಿಗೆ, ಗಿರಾಕಿ ಇನ್ನೊಂದೂರಿಗೆ!