ಕೊಟ್ಟಿಗೆಯ ಪಾಯಕ್ಕೆ ಮರದ ಬೇರು: ಕೊಡಲಿ ಎತ್ತುವ ಮೊದಲು ನೀರು ನೋಡಿ



ಯಳಂದೂರು, ಕೊಳ್ಳೇಗಾಲ, ಹನೂರು ಭಾಗದ ಹಳ್ಳಿಗಳಲ್ಲಿ ಮನೆ, ಕೊಟ್ಟಿಗೆಗಳ ಪಕ್ಕದಲ್ಲಿ ಬೇವು ಅಥವಾ ಹೊಂಗೆ ಮರ ಇರುವುದು ಸಾಮಾನ್ಯ. ಮಿಶ್ರತಳಿ ಹಸುವಿಗೆ ಬೇಸಿಗೆಯಲ್ಲಿ ನೆರಳು ಅತ್ಯಗತ್ಯ. ಬಿಸಿಲಿನ ತಾಪ ಹೆಚ್ಚಿದರೆ ಹಸು ಮೇವು ಕಡಿಮೆ ತಿನ್ನುತ್ತದೆ, ಹಾಲೂ ಇಳಿಯುತ್ತದೆ. ಆದರೆ ಗೋಡೆಯಲ್ಲಿ ಬಿರುಕು ಕಂಡ ಕೂಡಲೇ ಮರವನ್ನೇ ಕಡಿಯುವ ಯೋಚನೆ ಬರುತ್ತದೆ. ಅದಕ್ಕೆ ಮೊದಲು ಈ ಕೆಳಗಿನ ವಿಷಯಗಳನ್ನು ಗಮನಿಸಿರಿ.

ಬೇರು ಏಕೆ ಬರುತ್ತದೆ?

ಬೇರು ಗಟ್ಟಿ ಪಾಯವನ್ನು ಕೊರೆಯುವುದಿಲ್ಲ. ತೇವ ಮತ್ತು ಸಡಿಲ ಮಣ್ಣು ಇರುವ ಕಡೆಗೆ ಬೆಳೆಯುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಭಾರ್ಗವಿ ಹೊಳೆಯ ಬಳಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯನ್ನು ಕಂಡವರಿಗೆ, ನೀರಿನ ಪಕ್ಕದ ಮರ ಹೇಗೆ ಬಲಿಯುತ್ತದೆಂದು ತಿಳಿದಿದೆ. ನಮ್ಮ ಹಿತ್ತಲಿನಲ್ಲಿ ಹೊಳೆಯ ಕೆಲಸ ಮಾಡುವುದು ಒಡೆದ ಗಂಜಲದ ಕಾಲುವೆ, ಸೋರುವ ನೀರಿನ ತೊಟ್ಟಿ, ಬಚ್ಚಲ ನೀರು ಮತ್ತು ಗೋಡೆಗೆ ಒತ್ತಿ ಹಾಕಿದ ತಿಪ್ಪೆ.

ಬಿರುಕನ್ನು ಗುರುತಿಸುವುದು

ನೆಲ ಏಣಿನಂತೆ ಉಬ್ಬಿದ್ದರೆ ಅಥವಾ ತೆಳು ಗೋಡೆ ಹೊರಕ್ಕೆ ವಾಲಿದ್ದರೆ ಬೇರು ದಪ್ಪವಾಗಿ ಒತ್ತುತ್ತಿರಬಹುದು. ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಂಡರೆ ಅದು ಎರೆ ಮಣ್ಣಿನ ಗುಣ. ಮರ ತೇವ ಹೀರಿದಾಗ ಎರೆ ಮಣ್ಣು ಕುಗ್ಗಿ ಪಾಯ ಕುಸಿಯುತ್ತದೆ. ಅಂಥ ಕಡೆ ದೊಡ್ಡ ಮರವನ್ನು ಒಮ್ಮೆಲೇ ಕಡಿದರೆ ಮಣ್ಣು ಮತ್ತೆ ನೀರು ಕುಡಿದು ಉಬ್ಬಿ, ಬಿರುಕು ಹೆಚ್ಚಲೂಬಹುದು. ಬಿರುಕಿನ ಮೇಲೆ ಸಿಮೆಂಟಿನ ತೆಳು ತೇಪೆ ಹಾಕಿ ತಾರೀಖು ಬರೆಯಿರಿ. ಒಂದು ಬೇಸಿಗೆ, ಒಂದು ಮಳೆಗಾಲ ನೋಡಿರಿ. ಗೋಡೆ ವಾಲಿದ್ದರೆ ಮಾತ್ರ ಕಾಯಬೇಡಿ. ದನಗಳನ್ನು ಅಂದೇ ಬೇರೆಡೆ ಕಟ್ಟಿ ಇಂಜಿನಿಯರಿಗೆ ತೋರಿಸಿರಿ.

ಏನು ಮಾಡಬೇಕು?

1. ಗಂಜಲದ ಕಾಲುವೆ ಮತ್ತು ತೊಟ್ಟಿಯ ಸೋರಿಕೆಯನ್ನು ಮೊದಲು ಸರಿಪಡಿಸಿ. ತಿಪ್ಪೆಯನ್ನು ಗೋಡೆಯಿಂದ ದೂರ ಮಾಡಿ. ಸೂರಿನ ನೀರು ಪಾಯದ ಬುಡದಲ್ಲಿ ನಿಲ್ಲದಂತೆ ನೆಲಕ್ಕೆ ಇಳಿಜಾರು ಕೊಡಿ.

2. ಬೇರು ತಡೆಯಲು ಮರಕ್ಕೂ ಗೋಡೆಗೂ ನಡುವೆ 2ರಿಂದ 3 ಅಡಿ ಆಳದ ಕಿರಿದಾದ ಗುಂಡಿ ತೋಡಿ. ಅದು ಪಾಯದ ತಳಕ್ಕಿಂತ ಆಳವಾಗಬಾರದು. ಬೇರನ್ನು ಗರಗಸದಿಂದ ನಯವಾಗಿ ಕೊಯ್ದು, ದಪ್ಪ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿ ಕೂಡಲೇ ಮಣ್ಣು ಮುಚ್ಚಿ.

3. ಕಾಂಡದ ದಪ್ಪದ 5 ಪಟ್ಟು ದೂರದೊಳಗೆ ಬೇರು ಕೊಯ್ಯಬೇಡಿ. ಒಂದೂವರೆ ಅಡಿ ದಪ್ಪದ ಮರವಾದರೆ ಏಳೂವರೆ ಅಡಿ ಬಿಡಬೇಕು. ಹತ್ತಿರದಲ್ಲಿ ಕೊಯ್ದರೆ ಗಾಳಿಗೆ ಮರ ಕೊಟ್ಟಿಗೆಯ ಮೇಲೆಯೇ ಬೀಳುವ ಅಪಾಯವಿದೆ. ಆದ್ದರಿಂದ ಆಷಾಢದ ಗಾಳಿಗೆ ಮುಂಚೆ ಈ ಕೆಲಸ ಬೇಡ. ಹಿಂಗಾರು ಮಳೆ ಮುಗಿದ ಮೇಲೆ ಮಾಡಿ.

4. ಗೋಡೆಯ ಸಂದಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಹುಟ್ಟಿದ ಅರಳಿ, ಆಲದ ಸಸಿಗಳನ್ನು ಚಿಕ್ಕದಿದ್ದಾಗಲೇ ಬೇರುಸಹಿತ ಕೀಳಿರಿ.

5. ಮರ ತೆಗೆಯಲೇಬೇಕಾದರೆ, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿರಿ. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದೆ.

ಹೊಸದಾಗಿ ನೆಡುವವರಿಗೆ

ಆಲ, ಅರಳಿ, ಅತ್ತಿ, ಮಳೆಮರಗಳು ಕಟ್ಟಡದಿಂದ ದೂರವಿರಲಿ. ಬೇವು, ಹೊಂಗೆಗೆ ಕನಿಷ್ಠ 20 ಅಡಿ ಬಿಡಿ. ಎರೆ ಭೂಮಿಯಲ್ಲಾದರೆ ಮರ ಬೆಳೆಯುವ ಎತ್ತರದಷ್ಟು ದೂರ ಕ್ಷೇಮ. ಕೊಟ್ಟಿಗೆಯ ಪಶ್ಚಿಮಕ್ಕೆ ನೆಟ್ಟರೆ ಮಧ್ಯಾಹ್ನದ ಬಿಸಿಲು ತಡೆಯುತ್ತದೆ.

ಈ ಕ್ರಮಗಳನ್ನು ಅನುಸರಿಸಿದರೆ ಗೋಡೆಯೂ ಉಳಿಯುತ್ತದೆ, ಹಸುವಿನ ನೆರಳೂ ಉಳಿಯುತ್ತದೆ.