ಕದದ ಭಾರ ಸಾಗುವ ದಾರಿ

ಆಸ್ಪತ್ರೆ, ಗೋದಾಮು, ಕಲ್ಯಾಣ ಮಂಟಪ, ಕಚೇರಿ – ಜನ ಓಡಾಡುವ ದೊಡ್ಡ ಕಟ್ಟಡಗಳಲ್ಲಿ ಒಂದಲ್ಲ ಒಂದು ಬಾಗಿಲು ನೆಲಕ್ಕೆ ಉಜ್ಜುತ್ತಿರುತ್ತದೆ. ಟೈಲ್ಸ್ ಮೇಲೆ ಕಮಾನಿನಾಕಾರದ ಗೀರು ಬಿದ್ದಿರುತ್ತದೆ, ಮೇಲಿನ ಹಿಂಜಿನ ಸ್ಕ್ರೂ ಅರ್ಧ ಹೊರಗೆ ಬಂದಿರುತ್ತದೆ. ಯಾರೋ ಬಂದು ಸ್ಕ್ರೂ ಬಿಗಿ ಮಾಡುತ್ತಾರೆ. ಕೆಲವು ವಾರಗಳಲ್ಲಿ ಮತ್ತೆ ಸಡಿಲ. ಕೊನೆಗೆ ವೆಲ್ಡಿಂಗ್ ಮಾಡಿಸುತ್ತಾರೆ; ಆಗ ವೆಲ್ಡಿಂಗ್ ಪಕ್ಕದ ತಗಡು ಸೀಳುತ್ತದೆ. ಹಿಂಜು ಬದಲಾಗುತ್ತಾ ಹೋಗುತ್ತದೆ, ಅದನ್ನು ಕೆಡಿಸುತ್ತಿರುವ ಬಲ ಮಾತ್ರ ಇದ್ದಲ್ಲೇ ಇರುತ್ತದೆ. ಭಾರವಾದ ಬಾಗಿಲಿನ ರಿಪೇರಿ ಆ ಬಲದ ಲೆಕ್ಕದಿಂದ ಶುರುವಾಗಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಲೆಕ್ಕ ಕಷ್ಟದ್ದೇನಲ್ಲ. 80 ಕಿಲೋ ತೂಗುವ, 1 ಮೀಟರ್ ಅಗಲದ ಉಕ್ಕಿನ ಕದವೊಂದಿದೆ ಎನ್ನಿ. ಅದರ ಗುರುತ್ವ ಕೇಂದ್ರ ಹಿಂಜಿನಿಂದ ಅರ್ಧ ಮೀಟರ್ ಆಚೆಗಿದೆ. ಹಾಗಾಗಿ ಕದ ಕೆಳಕ್ಕೆ ಜಗ್ಗುವುದರ ಜೊತೆಗೆ ಹಿಡಿಕೆಯ ಕಡೆಗೆ ವಾಲಲೂ ನೋಡುತ್ತದೆ. ವಾಲದಂತೆ ತಡೆಯಲು ಮೇಲಿನ ಹಿಂಜು ಕದವನ್ನು ಚೌಕಟ್ಟಿನತ್ತ ಎಳೆದು ಹಿಡಿಯಬೇಕು, ಕೆಳಗಿನದು ಅಷ್ಟೇ ಬಲದಿಂದ ಆಚೆಗೆ ಒತ್ತಬೇಕು. ಎರಡರ ನಡುವೆ 1.6 ಮೀಟರ್ ಅಂತರವಿದ್ದರೆ, 80ನ್ನು 0.5ರಿಂದ ಗುಣಿಸಿ 1.6ರಿಂದ ಭಾಗಿಸಬೇಕು: 25 ಬರುತ್ತದೆ. ಯಾರೂ ಮುಟ್ಟದೆ ಬಾಗಿಲು ಸುಮ್ಮನೆ ನಿಂತಿದ್ದಾಗಲೂ 25 ಕಿಲೋ ಭಾರದಷ್ಟು ಬಲ ಮೇಲಿನ ಸ್ಕ್ರೂಗಳನ್ನು ಹಗಲೂ ರಾತ್ರಿ ಕೀಳುತ್ತಿರುತ್ತದೆ. ಕೆಳಗಿನ ಹಿಂಜಿನ ಸ್ಕ್ರೂಗಳಿಗೆ ಈ ಎಳೆತವೇ ಇಲ್ಲ. ಯಾವಾಗಲೂ ಮೇಲಿನದೇ ಮೊದಲು ಸೋಲುವುದಕ್ಕೆ ಕಾರಣ ಇದು.

ಇದೇ ಕದವನ್ನು 1.2 ಮೀಟರ್ ಅಗಲ ಮಾಡಿದರೆ ತೂಕ 96 ಕಿಲೋ ಆಗುತ್ತದೆ, ಗುರುತ್ವ ಕೇಂದ್ರವೂ ದೂರ ಸರಿಯುತ್ತದೆ. ಎಳೆತ 36 ಕಿಲೋಗೆ ಏರುತ್ತದೆ. ಅಗಲ ಹೆಚ್ಚಿದ್ದು ಐದರಲ್ಲಿ ಒಂದು ಪಾಲು, ಎಳೆತ ಹೆಚ್ಚಿದ್ದು ಹತ್ತಿರ ಹತ್ತಿರ ಅರ್ಧದಷ್ಟು. ಸ್ಟ್ರೆಚರ್ ಹಾಯಬೇಕೆಂದು, ಟ್ರಾಲಿ ಹಾಯಬೇಕೆಂದು ಬಾಗಿಲು ಅಗಲಿಸುವವರು ಹಳೆಯ ಅಳತೆಯ ಹಿಂಜನ್ನೇ ಹಾಕಿಸಿದರೆ ಏನಾಗುತ್ತದೆಂದು ಈ ಲೆಕ್ಕವೇ ಹೇಳುತ್ತದೆ. ಮೂರನೆಯ ಹಿಂಜನ್ನು ನಟ್ಟನಡುವೆ ಕೂರಿಸುವುದು ನಮ್ಮಲ್ಲಿ ರೂಢಿ. ಕದ ಬಾಗದಂತೆ ತಡೆಯಲು ಅದು ಒಳ್ಳೆಯದೇ. ಎಳೆತ ಹಂಚಿಕೊಳ್ಳಬೇಕಾದರೆ ಮಾತ್ರ ಅದು ಮೇಲಿನ ಹಿಂಜಿಗೆ ಸುಮಾರು 20 ಸೆಂಟಿಮೀಟರ್ ಕೆಳಗಿರಬೇಕು.

ನಿಂತ ಬಾಗಿಲಿನ ಲೆಕ್ಕ ಇಷ್ಟು. ಬಳಕೆಯಲ್ಲಿ ಬರುವ ಬಲಗಳು ಇದಕ್ಕಿಂತ ಕ್ರೂರ. ಬಾಗಿಲು ತೆರೆದೇ ಇರಲೆಂದು ಹಿಂಜಿನ ಸಂದಿಗೆ ಕಲ್ಲಿನ ಚೂರೋ ಮಡಚಿದ ರಟ್ಟೋ ತುರುಕುವವರಿದ್ದಾರೆ. ಆ ಚೂರು ಹಿಂಜಿನಿಂದ 5 ಸೆಂಟಿಮೀಟರ್ ದೂರದಲ್ಲಿದ್ದು, 1 ಮೀಟರ್ ಆಚೆಯಿಂದ ಯಾರಾದರೂ ಕದ ತಳ್ಳಿದರೆ ಅದು 20 ಪಟ್ಟಿನ ಸನ್ನೆ. 20 ಕಿಲೋ ಬಲದ ತಳ್ಳಿಗೆ ಚೂರಿನ ಮೇಲೆ 400 ಕಿಲೋ ಒತ್ತಡ ಬೀಳುತ್ತದೆ, ಹೆಚ್ಚುಕಡಿಮೆ ಅಷ್ಟೇ ಬಲ ಹಿಂಜುಗಳನ್ನು ಕಿತ್ತು ಎಬ್ಬಿಸುತ್ತದೆ. ಎಂಥ ಸ್ಕ್ರೂ ತಾನೇ ತಾಳೀತು? ಸ್ಟಾಪರನ್ನು ಹಿಂಜಿನ ಹತ್ತಿರ ಹಾಕಿದರೂ ಇದೇ ಕಥೆ. ಅದರ ಜಾಗ ಹಿಡಿಕೆಯ ಬದಿಯಲ್ಲಿ. ಸ್ಟಾಪರೇ ಇಲ್ಲದ ಕದ ಗಾಳಿಗೆ ಬೀಸಿ ತೆರೆದುಕೊಂಡಾಗ ಅದರ ವೇಗವನ್ನೆಲ್ಲ ನುಂಗಿಕೊಳ್ಳಬೇಕಾದದ್ದು ಹಿಂಜು ಮತ್ತು ಕದವನ್ನು ತಾನಾಗಿ ಮುಚ್ಚಿಸುವ ಕ್ಲೋಸರ್‌ನ ತೋಳು.

ಇನ್ನು ಎಣಿಕೆ. ದಿನಕ್ಕೆ 500 ಸಲ ತೆರೆಯುವ ಬಾಗಿಲು ವರ್ಷಕ್ಕೆ 1,82,500 ಸಲ ತೆರೆಯುತ್ತದೆ. ಯುರೋಪಿನ ಇಎನ್ 1935 ಮಾನದಂಡ ಹಿಂಜುಗಳನ್ನು ಹೆಚ್ಚೆಂದರೆ 2 ಲಕ್ಷ ಸಲ ಆಡಿಸಿ ಪರೀಕ್ಷಿಸುತ್ತದೆ. ಅಮೆರಿಕದ ಮಾನದಂಡ ಮೊದಲ ದರ್ಜೆಗೆ 25 ಲಕ್ಷ ಸಲ ಕೇಳುತ್ತದೆ. ಒಮ್ಮೆಗೆ ಮುರಿಯದ ಲೋಹ ಸಣ್ಣ ಬಲದ ಲಕ್ಷಾಂತರ ಪುನರಾವರ್ತನೆಗೆ ಮುರಿಯುತ್ತದೆ ಎಂಬುದನ್ನು 19ನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. 1913ರಲ್ಲಿ ಇಂಗ್ಲೆಂಡಿನ ಸಿ.ಇ. ಇಂಗ್ಲಿಸ್, ಚೂಪಾದ ಮೂಲೆ ಮತ್ತು ಬಿರುಕಿನ ತುದಿಯಲ್ಲಿ ಒತ್ತಡ ಹಲವು ಪಟ್ಟು ಒಟ್ಟುಗೂಡುತ್ತದೆ ಎಂದು ಗಣಿತದಿಂದ ವಿವರಿಸಿದರು. ಬಿರುಕುಬಿಟ್ಟ ಹಿಂಜಿನ ಮೇಲೆ ವೆಲ್ಡಿಂಗ್ ಎಳೆದಾಗ ಈ ಎರಡೂ ಒಟ್ಟಿಗೆ ಎದುರಾಗುತ್ತವೆ. ವೆಲ್ಡಿಂಗ್‌ನ ಅಂಚೇ ಹೊಸ ಮೂಲೆಯಾಗುತ್ತದೆ, ಪಕ್ಕದ ಲೋಹದ ಗುಣವನ್ನು ಬಿಸಿ ಬದಲಿಸಿರುತ್ತದೆ. ಬಿರುಕುಬಿಟ್ಟ ಹಿಂಜನ್ನು ತೆಗೆದು ಎಸೆಯುವುದೇ ಸರಿ. ಚೌಕಟ್ಟಿಗೆ ವೆಲ್ಡಿಂಗ್ ಮಾಡಲೇಬೇಕಾದರೆ, ಅದು ಸತು ಲೇಪಿಸಿದ ತಗಡಾಗಿದ್ದರೆ ಮೊದಲು ಲೇಪ ಉಜ್ಜಿ ತೆಗೆಯಬೇಕು. ಸತುವಿನ ಹೊಗೆ ಕುಡಿದ ವೆಲ್ಡರ್‌ಗಳಿಗೆ ಚಳಿಜ್ವರ ಬರುತ್ತದೆ. ನಮ್ಮ ಕೆಲಸದ ಜಾಗಗಳಲ್ಲಿ ಇದನ್ನು ಕೇಳುವವರೇ ಇಲ್ಲ ಎಂಬುದು ಬೇಸರದ ಸಂಗತಿ.

ಬಲಪಡಿಸುವ ಕೆಲಸ ನಿಜವಾಗಿ ನಡೆಯಬೇಕಾದದ್ದು ಹಿಂಜಿನ ಹಿಂದೆ. ಉಕ್ಕಿನ ಚೌಕಟ್ಟಿನ ತಗಡು ಹಲವೆಡೆ 1.2 ಮಿಲಿಮೀಟರ್ ದಪ್ಪದ್ದು. 5 ಮಿಲಿಮೀಟರ್ ಸ್ಕ್ರೂವಿನ ಒಂದು ಸುತ್ತಿಗೆ 0.8 ಮಿಲಿಮೀಟರ್ ಬೇಕು. ಅಂದರೆ ಇಡೀ ಕದ ಒಂದೂವರೆ ಸುತ್ತು ಮರೆಯ (ಥ್ರೆಡ್) ಮೇಲೆ ನೇತಾಡುತ್ತಿದೆ. ಚೌಕಟ್ಟಿನ ಒಳಬದಿಗೆ 4-5 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಹಿಂಜಿಗಿಂತ ಉದ್ದವಾಗಿ ಕತ್ತರಿಸಿ ಕೂರಿಸಿ, ಅದರಲ್ಲಿ ಮರೆ ಕೊರೆದರೆ ಎಳೆತ ಅಗಲವಾದ ತಗಡಿಗೆ ಹರಡುತ್ತದೆ. ಮರದಲ್ಲಿ ತೊಂದರೆ ಬೇರೆ. ಸಡಿಲವಾದ ತೂತಿಗೆ ಬೆಂಕಿಕಡ್ಡಿ ತುರುಕಿ ಅಂಟು ಹಾಕುವುದು ಮನೆಯ ಹಗುರ ಬಾಗಿಲಿಗೆ ನಡೆದೀತು. ದುಂಡು ಗೂಟ ಹೊಡೆದರೂ ಅದರ ಎಳೆಗಳು ಸ್ಕ್ರೂವಿನ ದಿಕ್ಕಿನಲ್ಲೇ ಓಡುತ್ತವೆ, ಹಾಗಾಗಿ ಹಿಡಿತ ಕಡಿಮೆ. ಕೆಟ್ಟ ಭಾಗವನ್ನು ಚೌಕವಾಗಿ ಕೆತ್ತಿ ತೆಗೆದು, ಎಳೆಗಳು ಸ್ಕ್ರೂವಿಗೆ ಅಡ್ಡ ಬರುವಂತೆ ಗಟ್ಟಿಮರದ ತುಂಡು ಕೂರಿಸುವ ಬಡಗಿಯ ಕೆಲಸಕ್ಕೆ ಸರಿಸಾಟಿ ಇಲ್ಲ. ಆಮೇಲೆ ಚೌಕಟ್ಟಿನ ಸುತ್ತ ಗಾರೆ ಬಿರುಕು ಬಿಟ್ಟಿದೆಯೇ ನೋಡಬೇಕು. ಬಿಟ್ಟಿದ್ದರೆ ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಹೋಲ್ಡ್‌ಫಾಸ್ಟ್ ಅಲುಗುತ್ತಿದೆ. ಮೊದಲು ಅದನ್ನು ಭದ್ರ ಮಾಡದೆ ಹಿಂಜಿಗೆ ಕೈ ಹಾಕಿ ಫಲವಿಲ್ಲ.

ಎಲ್ಲಿ ಸಡಿಲವಾಗಿದೆ ಎಂದು ತಿಳಿಯಲು ಕದವನ್ನು ಅರ್ಧ ತೆರೆದು, ಹಿಡಿಕೆ ಹಿಡಿದು ಮೇಲಕ್ಕೆ ಎತ್ತಿ ಬಿಡಬೇಕು. ಇನ್ನೊಬ್ಬರು ಹಿಂಜುಗಳ ಮೇಲೆ ಬೆರಳಿಟ್ಟು ನೋಡಬೇಕು: ಅಲುಗುವುದು ಪಿನ್ನೋ, ಸ್ಕ್ರೂವೋ, ಚೌಕಟ್ಟೋ? ಮೇಲಿನ ಹಿಂಜು 5 ಮಿಲಿಮೀಟರ್ ಹೊರಬಂದರೆ ನಮ್ಮ ಕದದ ಹಿಡಿಕೆಯ ಅಂಚು ಸುಮಾರು 3 ಮಿಲಿಮೀಟರ್ ಇಳಿಯುತ್ತದೆ. ನೆಲಕ್ಕೆ ಉಜ್ಜಲು ಅಷ್ಟು ಸಾಕು. ಪಿನ್ನೇ ಸವೆದಿದ್ದರೆ ಬಾಲ್ ಬೇರಿಂಗ್ ಹಿಂಜಿಗೆ ಬದಲಿಸಬೇಕು. ಉಜ್ಜಾಟ ಇಲ್ಲವಾದರೆ ಭಾರ ಎಷ್ಟು ಹಗುರವಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಕಾಂಕ್ರೀಟ್ ತುಂಬಿದ ಬಾಗಿಲು ಸಾಕ್ಷಿ. ಅದರ ತೂಕ ಸುಮಾರು 44 ಟನ್. ಹಿಂಜಿನಲ್ಲಿರುವ ವಿಶೇಷ ಬೇರಿಂಗ್‌ನಿಂದಾಗಿ ಒಬ್ಬ ವ್ಯಕ್ತಿ ಅದನ್ನು ತಳ್ಳಿ ತೆರೆಯಬಹುದಿತ್ತು.

ಹೊಸ ಹಿಂಜು ಹಾಕುವಾಗ ಮೂರೂ ಪಿನ್ನುಗಳು ಒಂದೇ ನೇರ ರೇಖೆಯಲ್ಲಿರಬೇಕು. ಒಂದು ಅರ್ಧ ಮಿಲಿಮೀಟರ್ ಮೇಲೆ ಕೂತರೂ ಬಹುಪಾಲು ತೂಕ ಅದೊಂದರ ಮೇಲೇ ಬೀಳುತ್ತದೆ. ಒಂದು ಪಕ್ಕಕ್ಕೆ ಸರಿದರೆ ಪ್ರತಿ ಸಲ ತೆರೆದಾಗಲೂ ಲೋಹ ಬಾಗುತ್ತದೆ. ನೂಲು ಕಟ್ಟಿ ನೋಡುವುದಕ್ಕೆ ಹತ್ತು ನಿಮಿಷ ಸಾಕು. ಮಂಗಳೂರು, ಕಾರವಾರದಂಥ ಕಡಲೂರುಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಹಿತ್ತಾಳೆ ಹಿಂಜಿಗೆ ಕಬ್ಬಿಣದ ಸ್ಕ್ರೂ ಹಾಕಬಾರದು. ಉಪ್ಪಿನ ತೇವದಲ್ಲಿ ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ಸಣ್ಣದಾದ ಸ್ಕ್ರೂ ಬೇಗ ತುಕ್ಕಿಗೆ ಬಲಿಯಾಗುತ್ತದೆ.

ಅತಿ ಭಾರದ ಕದಕ್ಕೆ ಹಿಂಜಿನ ಹಂಗೇ ಬೇಡವೆನ್ನುವ ಹಳೆಯ ದಾರಿಯೊಂದಿದೆ. ಹಂಪಿಯ ಹೆಬ್ಬಾಗಿಲುಗಳಲ್ಲಿ ಕದದ ಗೂಟ ಕೂರುತ್ತಿದ್ದ ಕಲ್ಲಿನ ಕುಳಿಗಳು ಇಂದಿಗೂ ಇವೆ. ಅಲ್ಲಿ ತೂಕವೆಲ್ಲ ನೇರ ನೆಲಕ್ಕೆ ಇಳಿಯುತ್ತಿತ್ತು. ಹೋಟೆಲು, ಶೋರೂಮುಗಳ ಗಾಜಿನ ಬಾಗಿಲಿನಡಿ ಹೂತಿರುವ ಫ್ಲೋರ್ ಸ್ಪ್ರಿಂಗ್ ಮಾಡುವುದೂ ಇದನ್ನೇ. 12 ಮಿಲಿಮೀಟರ್ ಗಾಜು ಚದರ ಮೀಟರಿಗೆ 30 ಕಿಲೋ ತೂಗುವುದರಿಂದ ಆ ಏರ್ಪಾಡು ಅಲ್ಲಿ ಅಗತ್ಯ ಕೂಡ.

ಬೆಂಕಿ ತಡೆಯುವ ಬಾಗಿಲುಗಳ ವಿಷಯದಲ್ಲಿ ಮಾತ್ರ ಸ್ವಂತ ಜಾಣ್ಮೆಗೆ ಜಾಗವಿಲ್ಲ. ಕದ, ಚೌಕಟ್ಟು, ಹಿಂಜು ಎಲ್ಲವನ್ನೂ ಒಟ್ಟಾಗಿ ಕುಲುಮೆಯಲ್ಲಿ ಪರೀಕ್ಷಿಸಿರುತ್ತಾರೆ. ಅಲ್ಲಿ ಹೊಸ ತೂತು, ವೆಲ್ಡಿಂಗ್ ಕೂಡದು. ಅದೇ ದರ್ಜೆಯ ಹಿಂಜನ್ನೇ ತರಿಸಬೇಕು. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು ಹೊತ್ತಿದ ಬೆಂಕಿಗೆ 72 ಜನ ಬಲಿಯಾದರು. ಹಲವು ಮನೆಗಳ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳದೆ ಹೊಗೆ ಹರಡಿದ್ದನ್ನು ತನಿಖೆ ದಾಖಲಿಸಿದೆ. ಜೋತುಬಿದ್ದ ಕದವೂ ಹಾಗೆಯೇ, ಲ್ಯಾಚ್‌ವರೆಗೆ ಬಂದು ನಿಂತುಬಿಡುತ್ತದೆ. ಆದ್ದರಿಂದ ರಿಪೇರಿಯಾದ ಮೇಲೆ ಕದವನ್ನು ಒಮ್ಮೆ ಪೂರ್ತಿ ತೆರೆದು, ಇನ್ನೊಮ್ಮೆ ಗೇಣಗಲ ಮಾತ್ರ ತೆರೆದು ಬಿಡಬೇಕು. ಎರಡು ಸಲವೂ ಅದು ತಾನಾಗಿ ಮುಚ್ಚಿ ಲ್ಯಾಚ್ ಕಚ್ಚಿಕೊಳ್ಳಬೇಕು. ಕಚ್ಚದಿದ್ದರೆ ಮತ್ತೆ ಹಿಂಜಿನ ರೇಖೆ ನೋಡಬೇಕೇ ಹೊರತು ಕ್ಲೋಸರ್ ಬಿಗಿ ಮಾಡಬಾರದು: ಹಾಗೆ ಹೆಚ್ಚಿಸಿದ ಬಲವೂ ಹಿಂಜುಗಳ ಮೇಲೇ ಬೀಳುತ್ತದೆ, ಮತ್ತು ವಯಸ್ಸಾದವರಿಗೂ ಮಕ್ಕಳಿಗೂ ಆ ಬಾಗಿಲನ್ನು ತಳ್ಳಲು ಆಗುವುದಿಲ್ಲ.