ಕಚೇರಿಯ ಆದೇಶವೇ ಕೊನೆಯ ಮಾತಲ್ಲ

ವಿಧವಾ ವೇತನ ನಿಂತುಹೋಯಿತು, ರೇಷನ್ ಕಾರ್ಡು ರದ್ದಾಯಿತು ಎಂದರೆ ನಾವು ಹೆಂಗಸರು 'ಹಣೆಬರಹ' ಅಂತ ಸುಮ್ಮನಾಗಿಬಿಡುತ್ತೇವೆ. ಸುಮ್ಮನಿರಬೇಕಾಗಿಲ್ಲ, ಸೋದರಿಯರೇ!

ಸೌಲಭ್ಯ ಕಿತ್ತುಕೊಳ್ಳುವ ಮೊದಲು ನಮ್ಮ ಮಾತು ಕೇಳಬೇಕು, ಕಾರಣ ತಿಳಿಸಬೇಕು, ತೀರ್ಮಾನಿಸುವವರಿಗೆ ಅದರಲ್ಲಿ ಸ್ವಂತ ಲಾಭವಿರಬಾರದು. ಇದಕ್ಕೆ 'ಸಹಜ ನ್ಯಾಯ' ಎನ್ನುತ್ತಾರೆ. ಅತ್ತೆ-ಸೊಸೆ ಜಗಳದಲ್ಲಿ ಒಬ್ಬರ ಮಾತನ್ನಷ್ಟೇ ಕೇಳಿ ತಪ್ಪು ಹೊರಿಸಿದರೆ ಒಪ್ಪುತ್ತೇವೆಯೇ?

1977ರಲ್ಲಿ ಸರಕಾರ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ವಶಪಡಿಸಿಕೊಂಡಿತು. 'ಸಾರ್ವಜನಿಕ ಹಿತ' ಎಂದಿತೇ ಹೊರತು ಕಾರಣ ಬಿಡಿಸಿ ಹೇಳಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. ಸರಕಾರದ ಕ್ರಮ ನ್ಯಾಯವಾಗಿರಬೇಕು, ಮನಸ್ಸಿಗೆ ಬಂದಂತೆ ಇರಬಾರದು ಎಂದು 1978ರಲ್ಲಿ ತೀರ್ಪಾಯಿತು. ಅವರ ಅಹವಾಲು ಕೇಳಲು ಸರಕಾರವೂ ಒಪ್ಪಬೇಕಾಯಿತು.

ನೀವೇನು ಮಾಡಬೇಕು? ಬಾಯಿಮಾತಿಗೆ ಹಿಂತಿರುಗಬೇಡಿ; ಲಿಖಿತ ಹಿಂಬರಹ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರಿಸಬೇಕು. ಮೇಲ್ಮನವಿಗೆ ಅವಕಾಶವಿದ್ದರೆ ಗಡುವು ಮೀರಿಸಬೇಡಿ. ಅಲ್ಲೂ ಆಗದಿದ್ದರೆ ಸಂವಿಧಾನದ 226ನೇ ವಿಧಿಯಂತೆ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು. ತೀರ್ಪು ಬರುವವರೆಗೆ ತಡೆಯಾಜ್ಞೆಯನ್ನೂ ಕೇಳಬಹುದು.

ವಕೀಲರ ಫೀಸಿನ ಚಿಂತೆಯೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಹೆಂಗಸರು ಉಚಿತ ನೆರವಿಗೆ ಅರ್ಹರು. ನಿಮ್ಮ ತಾಲೂಕು ಕೋರ್ಟಿನಲ್ಲೇ ವಿಚಾರಿಸಿ.

ಕೊಟ್ಟ ಪ್ರತಿ ಅರ್ಜಿಯ ನಕಲಿಗೂ ಕಚೇರಿಯ ಮುದ್ರೆ ಹಾಕಿಸಿಕೊಂಡು, ಒಡವೆಯಷ್ಟೇ ಜೋಪಾನವಾಗಿ ಬೀರುವಿನಲ್ಲಿಡಿ. ಕೋರ್ಟಿನಲ್ಲಿ ನಿಮ್ಮ ಪರವಾಗಿ ಮಾತಾಡುವುದು ಆ ಕಾಗದವೇ.